ಹೆಳವರ ಪುಸ್ತಕವನ್ನು ಶಾಲೆಗೆ ತರಿಸಿದ್ದು

ಸಿಂದಗಿಗೆ ಬಂದ ಹನ್ನೊಂದನೆಯ ದಿನ, ಬೆಳಗಾಗುವ ಹೊತ್ತಿಗೆ, ಯಾರೋ ಗಂಡಸು ಬಾಗಿಲ ಮುಂದೆ ನಿಂತು ಸತ್ತವರ ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತಿದ್ದ. ಸತ್ತವರು ಎಂದು ನನಗೆ ಹೇಗೆ ಗೊತ್ತಾಯಿತೆಂದರೆ, ಅದರಲ್ಲಿ ಎರಡು ಹೆಸರು ಪಡಸಾಲೆಯಲ್ಲಿ ಹಾರ ಹಾಕಿದ ಫೋಟೋಗಳ ಕೆಳಗೆ ಬರೆದಿದ್ದವು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೊರಗೆ ಓಡಿದೆ. ಮನೆಯ ಒಡತಿ ಗಂಗವ್ವ ತಲೆ ತುಂಬ ಸೆರಗು ಹೊದ್ದು, ಮೊರದಲ್ಲಿ ಜೋಳ ಹಿಡಿದು ನಗುತ್ತ ನಿಂತಿದ್ದರು.

"ಯಾರಿಗೆ ಏನಾಯ್ತು?" ಎಂದೆ.

"ಏನೂ ಆಗಿಲ್ರಿ ಬಾಯಾರ. ನಮ್ಮ ಹೆಳವರ ಯಲ್ಲಪ್ಪ ಬಂದಾನ. ನಮ್ಮ ಹಿರೇರನ್ನ ಎಬ್ಬಸಾಕತ್ತಾನ" ಎಂದರು. ಬಾಯಾರ ಎಂದರೆ ನಾನು. ಈ ಕಡೆ ಶಿಕ್ಷಕಿಯನ್ನು ಕರೆಯುವುದು ಹಾಗೆ.

ನಮ್ಮ ಮಂಡ್ಯ ಕಡೆಯ ಓದುಗರಿಗೆ ಹೆಳವರ ವಿಷಯ ಹೇಳಬೇಕು. ಇವರು ಮನೆತನಗಳ ವಂಶಾವಳಿಯನ್ನು ಬರೆದಿಟ್ಟುಕೊಂಡು ಬಂದವರು. ಇಂತಿಂಥ ಹಳ್ಳಿ, ಇಂತಿಂಥ ಮನೆ ಎಂದು ಅವರವರಲ್ಲಿ ಪಾಲು ಹಂಚಿಕೆಯಾಗಿದೆ. ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಮನೆಯ ಮುಂದಿನ ಕಟ್ಟೆಯ ಮೇಲೆ ಪುಸ್ತಕ ಬಿಚ್ಚಿ, ಮೂಲಪುರುಷ ಯಾರು, ಯಾವ ಊರಿಂದ ಬಂದ, ಅವನಿಗೆಷ್ಟು ಮಕ್ಕಳು ಎಂದು ಓದುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕೊಟ್ಟಷ್ಟು ಜೋಳ ತೆಗೆದುಕೊಂಡು ಹೋಗುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು ಬರುತ್ತಿದ್ದರಂತೆ. ಯಲ್ಲಪ್ಪ ಮೋಟಾರ್ ಸೈಕಲ್ಲಿನಲ್ಲಿ ಬಂದಿದ್ದ. ಎತ್ತಿನ ಕೊರಳಿನ ಗಂಟೆಯನ್ನು ಮಾತ್ರ ಹ್ಯಾಂಡಲ್ಲಿಗೆ ಕಟ್ಟಿಕೊಂಡಿದ್ದ. ಮಂಡ್ಯದ ಕಡೆಗೂ ಒಂದು ಕಾಲಕ್ಕೆ ಹೆಳವರು ಬರುತ್ತಿದ್ದರೆಂದು ಕೇಳಿದ್ದೆ, ಕಂಡಿರಲಿಲ್ಲ. ಗಂಗವ್ವನ ಕಟ್ಟೆಯ ಮೂಲೆಯಲ್ಲಿ ನಿಂತು ಒಂಬತ್ತು ತಲೆಮಾರು ಕೇಳಿದೆ. ಇತಿಹಾಸ ಕಲಿಸುವವಳಿಗೆ ಬಾಯಲ್ಲಿ ನೀರೂರದೆ ಇರುತ್ತದೆಯೇ?

ನಾಗಮಂಗಲದ ಖಾಸಗಿ ಶಾಲೆಯಲ್ಲಿ ಒಂಬತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಸರ್ಕಾರಿ ನೌಕರಿ ಸಿಕ್ಕಿತು, ಊರು ದೂರವಾಯಿತು. ಸಿಂದಗಿಯಲ್ಲಿ ಬಾಡಿಗೆ ಕೋಣೆ. ಅಲ್ಲಿಂದ ಇಂಡಿ ರಸ್ತೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ದಿನಾ ಬಸ್ಸು. ಹಳ್ಳಿಯ ಹೆಸರು ಹೇಳುವುದಿಲ್ಲ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ಮೊದಮೊದಲು ಇಲ್ಲಿಯವರು ಮಾತಾಡಿದರೆ ಬೈಯುತ್ತಿದ್ದಾರೆ ಅನಿಸುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರ್ "ಏ ಬಾಯಾರ, ಒಳಗ ಸರೀರಿ, ಬಾಗಲದಾಗ ಏನೈತಿ?" ಎಂದು ಕೂಗಿದ ದಿನ ನನಗೆ ಅಳು ಬಂದಿತ್ತು. ನಾಲ್ಕು ದಿನ ಬಿಟ್ಟು ಅದೇ ಕಂಡಕ್ಟರ್, ನಾನು ಓಡಿ ಬರುವುದನ್ನು ಕಂಡು, ತುಂಬಿದ ಬಸ್ಸನ್ನು ನಿಲ್ಲಿಸಿಕೊಂಡು ಕಾದಿದ್ದ. ನಮ್ಮ ಕಡೆ ನಯವಾಗಿ ಮಾತಾಡಿ ಬಸ್ಸು ಬಿಟ್ಟುಕೊಂಡು ಹೋಗುತ್ತಾರೆ. ಇಲ್ಲಿ ಪಕ್ಕದಲ್ಲಿ ಕೂತವರು ಎರಡನೆಯ ಮಾತಿಗೇ "ಮಕ್ಕಳೆಷ್ಟ್ರಿ?" ಎನ್ನುತ್ತಾರೆ. ಮದುವೆಯಾಗಿಲ್ಲ ಎಂದರೆ "ಯಾಕ್ರಿ?" ಎನ್ನುತ್ತಾರೆ. ಕಿಟಕಿಯ ಹೊರಗೆ ನೋಡಿದರೆ ತೊಗರಿ ಹೊಲ, ಜೋಳದ ಹೊಲ, ಕಣ್ಣು ಹರಿಯುವಷ್ಟು ದೂರ ಕಪ್ಪು ಎರೆ ಮಣ್ಣು. ನಮ್ಮೂರಿನಲ್ಲಿ ಎಲ್ಲಿ ನಿಂತರೂ ಒಂದು ಗುಡ್ಡವೋ ಕೆರೆ ಏರಿಯೋ ಅಡ್ಡ ಬರುತ್ತದೆ. ಇಲ್ಲಿ ಏನೂ ಅಡ್ಡ ಬರುವುದಿಲ್ಲ, ಅದೇ ನನಗೆ ಕಷ್ಟವಾಗುತ್ತಿತ್ತು. ಭಾನುವಾರಗಳಲ್ಲಿ ಯಾರೊಡನೆಯೂ ಮಾತಿಲ್ಲದೆ ಕೋಣೆಯಲ್ಲಿ ಕೂತು, ನಾನು ಇಲ್ಲಿದ್ದೇನೆಂದು ಯಾರಿಗೆ ಗೊತ್ತು ಎಂದುಕೊಳ್ಳುತ್ತಿದ್ದೆ.

ರಾಗಿ ಮುದ್ದೆ ತಿಂದು ಬೆಳೆದವಳು ರೊಟ್ಟಿ ಬಡಿಯಲು ಕಲಿತದ್ದು ಗಂಗವ್ವನ ಒಲೆಯ ಮುಂದೆ. ನನ್ನ ಮೊದಲ ರೊಟ್ಟಿಯನ್ನು ಅವರು ಬೆಳಕಿಗೆ ಹಿಡಿದು ನೋಡಿ, "ಭೂಪಟ ಚಲೋ ತಗದೀರಿ. ಇದರಾಗ ಸಿಂದಗಿ ಎಲ್ಲೈತ್ರಿ?" ಎಂದರು. ಆರು ತಿಂಗಳಿಗೆ ರೊಟ್ಟಿ ದುಂಡಗಾಯಿತು. ಶೇಂಗಾ ಹಿಂಡಿ, ಎಂದರೆ ಕಡಲೆಕಾಯಿ ಚಟ್ನಿಪುಡಿ, ಇಲ್ಲದೆ ನನಗೂ ಊಟ ಸೇರದಂತಾಯಿತು. ಇನ್ನೇನು, ಊರು ನನ್ನದಾಯಿತು ಎಂದುಕೊಂಡೆ. ತಪ್ಪಿದ್ದು ಅಲ್ಲೇ.

ಎರಡನೆಯ ವರ್ಷ ಸಮಸ್ಯೆ ಆಧಾರಿತ ಕಲಿಕೆಯ ತರಬೇತಿಗೆ ಹೋಗಿ ಬಂದೆ. ವಿಷಯ ಕಷ್ಟದ್ದಲ್ಲ. ಪಾಠವನ್ನು ಹೇಳಿ ಬರೆಸುವ ಬದಲು, ಸಿದ್ಧ ಉತ್ತರವಿಲ್ಲದ ನಿಜವಾದ ಒಂದು ಸಮಸ್ಯೆಯನ್ನು ಮಕ್ಕಳ ಮುಂದಿಡಬೇಕು. ಅವರು ಗುಂಪು ಮಾಡಿಕೊಂಡು ಆಧಾರ ಹುಡುಕಬೇಕು, ಒಂದು ಆಧಾರವನ್ನು ಇನ್ನೊಂದರೊಡನೆ ತಾಳೆ ನೋಡಬೇಕು, ತಮ್ಮ ತೀರ್ಮಾನವನ್ನು ಎಲ್ಲರೆದುರು ಹೇಳಬೇಕು. ಶಿಕ್ಷಕಿ ಉತ್ತರ ಹೇಳಬಾರದು. ಇಸವಿಗಳನ್ನು ಉರು ಹೊಡೆಸಿ ಬೇಸತ್ತಿದ್ದ ನನಗೆ ಇದು ಹಬ್ಬವಾಯಿತು. ಒಂಬತ್ತನೆಯ ತರಗತಿಗೆ ಬಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ನಮ್ಮ ಊರಿಗೆ ಮೊದಲು ಬಂದವರು ಯಾರು? ನಮಗೆ ಹೇಗೆ ಗೊತ್ತು?

ಮೊದಲ ಬೆಂಚಿನ ಮಾದೇವಿ ಕೈ ಎತ್ತಿದಳು. "ಅದರಾಗೇನ್ ಸಮಸ್ಯಾರಿ? ನಮ್ಮ ಮನೀನ ಮೊದಲ ಮನಿ."

ಅವಳು ಹೇಳಿದ್ದು ಊರೆಲ್ಲ ಒಪ್ಪಿದ ಮಾತು. ಅವಳ ಅಜ್ಜ ಶಂಕ್ರಪ್ಪನವರ ಮನೆಗೆ ಊರವರು ಮೊದಲ ಮನೆ ಎಂದೇ ಹೇಳುತ್ತಾರೆ. ಕಾರ ಹುಣ್ಣಿಮೆಯ ದಿನ ಎತ್ತುಗಳನ್ನು ಸಿಂಗರಿಸಿ ಓಡಿಸುವಾಗ ಮುಂದೆ ನಿಲ್ಲುವುದು ಅವರ ಎತ್ತು. ಊರಲ್ಲಿ ಮೊದಲು ಬಿತ್ತುವುದು ಅವರ ಹೊಲ. "ಹೇಗೆ ಗೊತ್ತು?" ಎಂದು ನಾನು ಮಾದೇವಿಯನ್ನು ಕೇಳಿದೆ. ಅವಳು "ನೋಡೂಣ್ರಿ" ಎಂದಳು. ಅವಳ ಕಣ್ಣಿನಲ್ಲಿ ಆಗ ಕಂಡ ಹುರುಪು ನನಗೆ ಈಗಲೂ ಮರೆಯುವುದಿಲ್ಲ, ಮರೆತರೆ ಒಳ್ಳೆಯದಿತ್ತು.

ಒಂದು ತಿಂಗಳು ಮಕ್ಕಳು ಊರೆಲ್ಲ ಅಲೆದರು. ಒಂದು ಗುಂಪು ಹಳೆಯ ಬಾವಿಗಳನ್ನು ಅಳೆಯಿತು, ಇನ್ನೊಂದು ಮುದುಕರನ್ನು ಮಾತಾಡಿಸಿತು. ಯಾರೋ ತಾಳಿಕೋಟೆ ಕಡೆಯಿಂದ ಬಂದವರಂತೆ, ಯಾರೋ ನಿಡಗುಂದಿ ಕಡೆಯಿಂದ. ಅಂತೂ ಊರು ಎಂಬ ಊರೆಲ್ಲ ಎಲ್ಲಿಂದಲೋ ಬಂದವರೇ ಎಂದು ಗೊತ್ತಾಗಿ ಮಕ್ಕಳಿಗೆ ಬೆರಗು, ನನಗೆ ಸಮಾಧಾನ. ಮಾದೇವಿಯ ಗುಂಪಿಗೆ ನಾನೇ ಸಲಹೆ ಕೊಟ್ಟೆ: ಹೆಳವರ ಪುಸ್ತಕ ನೋಡಿ. ಯಲ್ಲಪ್ಪನ ಪಾಲಿನ ಹಳ್ಳಿಗಳಲ್ಲಿ ಈ ಊರೂ ಇತ್ತು.

ನಮ್ಮ ಮುಖ್ಯೋಪಾಧ್ಯಾಯರು ಇಂಡಿಯವರು. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಬಾಯಾರ, ಆ ಪುಸ್ತಕ ಆ ಮನಿ ಕಟ್ಟಿ ಮ್ಯಾಲ, ಆ ಮನಿಯವರ ಮುಂದ ತೆಗಿಯೂದ್ರಿ. ಸಾಲ್ಯಾಗ ಬ್ಯಾಡ" ಎಂದರು. ನಾನು ಆಧಾರಗಳನ್ನು ಬಚ್ಚಿಡುವುದು ಎಷ್ಟು ತಪ್ಪು ಎಂದು ಅವರಿಗೇ ಪಾಠ ಮಾಡಿದೆ. ಅವರು ಹಾಜರಿ ಪುಸ್ತಕ ಎತ್ತಿಕೊಂಡು ಹೊರಟರು. ಗೆದ್ದೆ ಎಂದುಕೊಂಡೆ.

ಯಲ್ಲಪ್ಪನೂ ಮೊದಲು ಒಪ್ಪಲಿಲ್ಲ. "ಒಂದ ಮನಿ ಪುಸ್ತಕ ಇನ್ನೊಬ್ಬರ ಮುಂದ ಬಿಚ್ಚಂಗಿಲ್ರಿ. ನಮ್ಮಪ್ಪ ಕಲಿಸಿದ್ದ ಹಂಗ."

"ಮಕ್ಕಳ ಓದಿಗೆ ಯಲ್ಲಪ್ಪ. ಸರ್ಕಾರಿ ಶಾಲೆಯ ಕೆಲಸ" ಎಂದೆ. ಸರ್ಕಾರಿ ಎಂಬ ಮಾತನ್ನು ಒತ್ತಿ ಹೇಳಿದೆ. ಅದನ್ನು ಬರೆಯಲು ಈಗ ಕೈ ಬರುತ್ತಿಲ್ಲ, ಆದರೆ ಒತ್ತಿ ಹೇಳಿದ್ದು ನಿಜ. ಅವನು ತಲೆ ಕೆರೆದುಕೊಂಡು, "ಶಂಕ್ರಪ್ಪಗ ಒಂದ ಮಾತ ಕೇಳೀರೇನ್ರಿ?" ಎಂದ. ಕೇಳಿದ್ದೇನೆ ಎಂದೆ. ನಾನು ಶಂಕ್ರಪ್ಪನವರನ್ನು ಕೇಳಿದ್ದು ಮಕ್ಕಳು ತಮ್ಮ ತೀರ್ಮಾನ ಹೇಳುವ ಕಾರ್ಯಕ್ರಮಕ್ಕೆ ಬರುತ್ತೀರಾ ಎಂದು ಮಾತ್ರ.

ಆ ದಿನ ಶಾಲೆಯ ವರಾಂಡದಲ್ಲಿ ಊರ ಹಿರಿಯರು ಕೂತಿದ್ದರು. ಮೊದಲ ಮನೆಯವರೆಂದು ಶಂಕ್ರಪ್ಪನವರಿಗೆ ನಾನೇ ಹಾರ ಹಾಕಿ ನಡುವಿನ ಕುರ್ಚಿಯಲ್ಲಿ ಕೂರಿಸಿದ್ದೆ. ಯಲ್ಲಪ್ಪ ಪುಸ್ತಕ ಬಿಚ್ಚಿ ಓದಿದ. ಓದಿದ್ದನ್ನು ಮಾದೇವಿ ಬೋರ್ಡಿನ ಮೇಲೆ ಮರದ ಹಾಗೆ ಬಿಡಿಸುತ್ತ ಹೋದಳು. ಶಂಕ್ರಪ್ಪನವರ ಅಜ್ಜನ ಅಜ್ಜನ ತನಕ ಬಂದಾಗ ಯಲ್ಲಪ್ಪನ ದನಿ ಕುಗ್ಗಿತು.

"ಗಟ್ಟಿಯಾಗಿ ಓದು ಯಲ್ಲಪ್ಪ" ಎಂದವಳು ನಾನು.

"ಗಂಡ ಸಂತಾನ ಇಲ್ಲ. ಮಗಳು ಒಬ್ಬಳು. ಮುದ್ದೇಬಿಹಾಳ ಕಡೆಯಿಂದ ಅಳಿಯನ್ನ ತಂದು ಮನ್ಯಾಗ ಇಟಕೊಂಡಾರ" ಎಂದು ಅವನು ಓದಿದ.

ಮಾದೇವಿ ಸುಣ್ಣದ ಕಡ್ಡಿ ಹಿಡಿದು ನಿಂತಿದ್ದಳು. "ಆಕಿ ಹೆಸರೇನ್ರಿ?"

"ಯಾರದವ್ವ?"

"ಆ ಮಗಳದು."

"ಹೆಣ್ಣಮಕ್ಕಳ ಹೆಸರ ಬರ್ಯಾಂಗಿಲ್ಲವ್ವ."

ನಾನು ನಡುವೆ ಬಾಯಿ ಹಾಕಿ, "ಅದಿರಲಿ ಮಾದೇವಿ, ನಿಮ್ಮ ಗುಂಪಿನ ತೀರ್ಮಾನ ಹೇಳು. ಆಧಾರ ಏನು ಹೇಳುತ್ತದೋ ಅದನ್ನು ಅಂಜದೆ ಹೇಳು" ಎಂದೆ. ಅವಳು ಒಮ್ಮೆ ಅಜ್ಜನ ಕಡೆ ನೋಡಿದಳು, ಒಮ್ಮೆ ನನ್ನ ಕಡೆ. ನಾನು ತಲೆಯಾಡಿಸಿ ಹುರಿದುಂಬಿಸಿದೆ. ಅವಳು ನನ್ನನ್ನು ನಂಬಿದಳು. "ನಮ್ಮ ಮನಿ ಮೊದಲ ಮನಿ ಅಂತಾರ. ಆದ್ರ ಆಧಾರ ನೋಡಿದ್ರ ಮೊದಲ ಮನಿಯವರ ವಂಶ ಅಲ್ಲಿಗೆ ನಿಂತೈತಿ. ನಾವು ಅಳಿಯನ ಕಡೆಯವರು, ಮುದ್ದೇಬಿಹಾಳ ಕಡೆಯಿಂದ ಆಮ್ಯಾಲ ಬಂದವರು" ಎಂದು ಪಾಠ ಒಪ್ಪಿಸಿದ ಹಾಗೆ ಸ್ಪಷ್ಟವಾಗಿ ಹೇಳಿದಳು. ಹಿಂದಿನಿಂದ ಯಾರೋ ನಕ್ಕರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ.

ಶಂಕ್ರಪ್ಪನವರು ಎದ್ದರು. ಕೊರಳ ಹಾರ ತೆಗೆದು ಕುರ್ಚಿಯ ಮೇಲಿಟ್ಟರು. "ಆತ್ರಿ ಬಾಯಾರ. ತಿಳೀತ್ರಿ" ಎಂದು ಹೇಳಿ ಗೇಟಿನ ಕಡೆ ನಡೆದರು. ಚಪ್ಪಾಳೆ ತಾನಾಗಿ ನಿಂತಿತು. ಮಾದೇವಿಯ ಕೈಯಲ್ಲಿ ಸುಣ್ಣದ ಕಡ್ಡಿ ಹಾಗೇ ಇತ್ತು.

ಮರುದಿನ ಅವಳು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಚಹಾ ಅಂಗಡಿಯ ಮುಂದೆ ಶಂಕ್ರಪ್ಪನವರು ಹಾದು ಹೋದಾಗ ಯಾರೋ "ಮನಿ ಅಳ್ಯಾರು ಬಂದ್ರು, ಜಾಗಾ ಬಿಡ್ರೋ" ಎಂದರಂತೆ. ಆಮೇಲೆ ಅವರು ಆ ಕಡೆ ಹೋಗುವುದನ್ನೇ ಬಿಟ್ಟರಂತೆ. ಮೊಮ್ಮಗಳಿಗೆ ಸಾಲಿ ಸಾಕು ಎಂದು ಮನೆಯಲ್ಲಿ ತೀರ್ಮಾನವಾಗಿದೆ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಅವರು ಬೇಕಾದರೆ ನಾನು ಮೊದಲೇ ಹೇಳಿರಲಿಲ್ಲವೇ ಎನ್ನಬಹುದಿತ್ತು. ಅನ್ನಲಿಲ್ಲ, ಅದಕ್ಕೇ ನನಗೆ ಅವರ ಮುಖ ನೋಡಲಾಗಲಿಲ್ಲ.

ಯಲ್ಲಪ್ಪನ ಸುದ್ದಿ ಗಂಗವ್ವನಿಂದ ತಿಳಿಯಿತು. ಆ ಊರಿನಲ್ಲಿ ಅವನನ್ನು ಯಾರೂ ಕಟ್ಟೆ ಹತ್ತಿಸುತ್ತಿರಲಿಲ್ಲ. ಇಂದು ಅವರ ಮನೆಯದನ್ನು ಬಯಲಲ್ಲಿ ಓದಿದವನು ನಾಳೆ ನಮ್ಮದನ್ನೂ ಓದುತ್ತಾನೆ ಎಂದು ಬಾಗಿಲಿನಿಂದಲೇ ಕಳಿಸುತ್ತಿದ್ದರು. ಅಪ್ಪನಿಂದ ಬಂದ ಪಾಲು ಅದು, ಅವನ ಜೋಳದ ಚೀಲ ಅದು. ಗಂಗವ್ವ ಇದನ್ನೆಲ್ಲ ರೊಟ್ಟಿ ಬಡಿಯುತ್ತಲೇ ಹೇಳಿ, ಕೊನೆಗೆ ನನ್ನನ್ನು ನೋಡದೆ ಕೇಳಿದರು: "ನಿಮ್ಮೂರಾಗೂ ಹಿಂಗ ಕೇಳಿಸಿದ್ರೇನ್ರಿ, ಹುಡುಗರ ಕಡಿಂದ?"

ಇಲ್ಲ. ಕೇಳಿಸಿರಲಿಲ್ಲ. ನಾಗಮಂಗಲದಲ್ಲಿ ಒಂಬತ್ತು ವರ್ಷ ದೂರದ ರಾಜರ ಪಾಠ ಮಾಡಿದೆನೇ ಹೊರತು, ನಮ್ಮ ಬೀದಿಯ ಯಾವ ಮನೆಯ ಬಗೆಗೂ ಸಮಸ್ಯೆ ಬರೆಯಲಿಲ್ಲ. ನಮ್ಮ ಅಜ್ಜಿಯ ತವರಿನವರೊಡನೆ ನಮಗೆ ಯಾಕೆ ಮಾತಿಲ್ಲ ಎಂದು ಇಂದಿನವರೆಗೆ ಅಪ್ಪನನ್ನು ಕೇಳಿದವಳಲ್ಲ. ಅಲ್ಲಿ ಏನನ್ನು ಕೇಳಬಾರದು ಎಂದು ನನಗೆ ಹುಟ್ಟಿನಿಂದ ಗೊತ್ತಿತ್ತು. ಇಲ್ಲಿ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಲೂ ಇಲ್ಲ. ನಾನು ಧೈರ್ಯ ಎಂದುಕೊಂಡದ್ದು, ಈ ಊರು ನನ್ನದಲ್ಲ, ಏನಾದರೂ ನನಗೇನು ಎಂಬ ನಿಶ್ಚಿಂತೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಒಪ್ಪಿಕೊಳ್ಳದೆ ಈ ಬರಹಕ್ಕೆ ಅರ್ಥವಿಲ್ಲ.

ಭಾನುವಾರ ಶಂಕ್ರಪ್ಪನವರ ಮನೆಗೆ ಹೋದೆ. ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಅವರು "ಬರ್ರಿ ಬಾಯಾರ, ಕೂಡ್ರಿ" ಎಂದು ಕಂಬಳಿ ಹಾಸಿಸಿದರು. ಮೊದಲು ಊಟವಾಗಬೇಕೆಂದರು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಕೆನೆ ಮೊಸರು. ಮಾದೇವಿ ರೊಟ್ಟಿ ತಂದು ಹಾಕಿದಳು, ನನ್ನನ್ನು ನೋಡಲಿಲ್ಲ. ತಪ್ಪಾಯಿತು ಎಂದೆ. ಕೇಳದೆ ಮಾಡಿದೆ, ಯಲ್ಲಪ್ಪನಿಗೂ ಸುಳ್ಳು ಹೇಳಿದೆ ಎಂದೆ.

"ನಮಗ ಗೊತ್ತಿತ್ರಿ ಬಾಯಾರ" ಎಂದರು ಅವರು. "ಊರಿಗೂ ಗೊತ್ತಿತ್ತು. ಪ್ರತಿ ವರ್ಷಾ ನಮ್ಮ ಕಟ್ಟಿ ಮ್ಯಾಲ ಓದಿದ್ದನ್ನ ನಾ ಕೇಳೇನಿ. ಕೇಳಿ ಜ್ವಾಳ ಕೊಟ್ಟೇನಿ. ಅದರಾಗ ನಾಚೂದೇನೈತಿ? ಆದ್ರ ನೀವು ನನ್ನ ಕುರ್ಚಿ ಮ್ಯಾಲ ಕುಂದರಿಸಿ, ನನ್ನ ಮೊಮ್ಮಗಳ ಬಾಯಿಂದ ಹೇಳಿಸಿದ್ರಿ."

ನಾನು ಅತ್ತುಬಿಟ್ಟೆ. ಅವರು ನೀರಿನ ತಂಬಿಗೆ ಮುಂದೆ ಸರಿಸಿ, ನಾನು ಸುಧಾರಿಸಿಕೊಳ್ಳುವ ತನಕ ಬೇರೆ ಕಡೆ ನೋಡುತ್ತ ಕೂತರು.

"ಅವಳನ್ನು ಶಾಲೆಗೆ ಕಳಿಸಿ. ಬರುವ ವರ್ಷ ಹತ್ತನೇ ತರಗತಿ. ನನ್ನ ತಪ್ಪಿಗೆ ಅವಳಿಗೆ ಶಿಕ್ಷೆ ಬೇಡ" ಎಂದೆ.

"ಯಲ್ಲಪ್ಪನ ಕರಸ್ತೇನಿ. ನನ್ನ ಕಟ್ಟಿ ಮ್ಯಾಲ ಓದತಾನ. ಊರು ನೋಡಲಿ. ನಾ ಕಟ್ಟಿ ಹತ್ತಿಸಿದ್ರ ಎಲ್ಲಾರೂ ಹತ್ತಸ್ತಾರ. ನೀವೂ ಬರ್ರಿ. ಆಮ್ಯಾಲ ಸಾಲಿ ಮಾತ" ಎಂದರು.

ಒಂದು ವಾರದ ಮೇಲೆ ಯಲ್ಲಪ್ಪ ಬಂದ. ಮನೆಯವರೆಲ್ಲ ಕಟ್ಟೆಯ ಮೇಲೆ ಕೂತರು, ಮಾದೇವಿಯೂ. ಊರವರು ಕೆಳಗೆ ಅಂಗಳದಲ್ಲಿ ನಿಂತರು. ನಾನು ಅವರೊಳಗೆ ನಿಂತೆ. ಯಾರೂ ಮೇಲೆ ಬನ್ನಿ ಎನ್ನಲಿಲ್ಲ, ಅನ್ನಬೇಕೆಂದು ನಾನು ಬಯಸಿದ್ದು ಮಾತ್ರ ಸುಳ್ಳಲ್ಲ. ಯಲ್ಲಪ್ಪ ಮೂಲಪುರುಷನಿಂದ ಶುರು ಮಾಡಿದ. ಆ ತಲೆಮಾರು ಬಂದಾಗ ಶಂಕ್ರಪ್ಪನವರೇ "ಗಟ್ಟಿ ಓದೋ" ಎಂದರು. "ಮಗಳು ಒಬ್ಬಳು" ಎಂದು ಯಲ್ಲಪ್ಪ ಗಟ್ಟಿಯಾಗಿ ಓದಿದ.

ಮಾದೇವಿ ತಲೆ ಎತ್ತಿ ಅಂಗಳದಲ್ಲಿದ್ದ ನನ್ನ ಕಡೆ ನೋಡಿದಳು. ಅವಳು ಏನು ಕೇಳಬೇಕೆಂದಿದ್ದಾಳೆ ಎಂದು ನನಗೆ ಗೊತ್ತಿತ್ತು. ಆ ಮನೆ ಇಂದಿಗೂ ನಿಂತಿರುವುದು ಹೆಸರಿಲ್ಲದ ಆ ಮಗಳಿಂದ. ಒಂದು ತಿಂಗಳು ನಾವು ಮಾಡಿದ ಎಲ್ಲ ಕೆಲಸದಲ್ಲಿ ನಿಜವಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಅದಿರಲಿ ಎಂದು ನಾನು ಅದನ್ನು ತಳ್ಳಿಹಾಕಿದ್ದೆ. ಈಗ ಕೇಳು ಎಂದು ನಾನು ಕಣ್ಣಿನಲ್ಲಿ ಹೇಳಬಹುದಿತ್ತು. ಅಥವಾ ನಾನೇ ಕೇಳಬಹುದಿತ್ತು. ಸರಿಯಾದ ಜಾಗ ಅದೇ ಆಗಿತ್ತು, ಆ ಮನೆಯವರ ಮುಂದೆ, ಆ ಮನೆಯ ಕಟ್ಟೆಯ ಮೇಲೆ. ಮತ್ತೆ ಏನಾದರೂ ಕೆಟ್ಟೀತೆಂದು ಹೆದರಿ ನಾನು ನೆಲ ನೋಡಿದೆ. ಬೇಡವಾದಲ್ಲಿ ಅವಳ ಬಾಯಿ ಬಿಡಿಸಿದೆ, ಬೇಕಾದಲ್ಲಿ ಮುಚ್ಚಿಸಿದೆ. ಯಲ್ಲಪ್ಪ ಮುಂದಿನ ಹೆಸರಿಗೆ ಹೋದ. ಓದು ಮುಗಿದ ಮೇಲೆ ಶಂಕ್ರಪ್ಪನವರು ತಾವೇ ಅವನ ಚೀಲಕ್ಕೆ ಜೋಳ ಸುರಿದರು.

ಸೋಮವಾರದಿಂದ ಮಾದೇವಿ ಶಾಲೆಗೆ ಬಂದಳು. ಯಲ್ಲಪ್ಪನನ್ನು ಊರವರು ಮತ್ತೆ ಕಟ್ಟೆ ಹತ್ತಿಸುತ್ತಿದ್ದಾರೆ. ನಾನು ಪಾಠವನ್ನು ಮೊದಲಿನಂತೆ ಹೇಳಿ ಬರೆಸುತ್ತಿದ್ದೇನೆ. ಮಾದೇವಿ ಮೊದಲ ಬೆಂಚಿನಲ್ಲೇ ಕೂತು ನೀಟಾಗಿ ಬರೆದುಕೊಳ್ಳುತ್ತಾಳೆ, ಕೈ ಎತ್ತುವುದಿಲ್ಲ. ಮುಖ್ಯೋಪಾಧ್ಯಾಯರು ಶಿಸ್ತು ಬಂದಿದೆ ಎನ್ನುತ್ತಾರೆ.

ಈ ನಡುವೆ ಊರಿನಿಂದ ಅಕ್ಕ ಫೋನು ಮಾಡಿದಳು. ಬಸವನ ಬಾಗೇವಾಡಿಯ ಮಾಸ್ತರರೊಬ್ಬರು ನಮ್ಮ ನಾಗಮಂಗಲದ ಹತ್ತಿರದ ಶಾಲೆಯಲ್ಲಿದ್ದಾರಂತೆ. ಮುದ್ದೆ ನುಂಗಲಾರದೆ, ಹೊಟ್ಟೆ ಹಿಡಿದುಕೊಂಡು, ತಮ್ಮೂರಿಗೆ ಹೋಗಬೇಕೆಂದು ಕಂಡವರಿಗೆಲ್ಲ ಹೇಳುತ್ತಿದ್ದಾರಂತೆ. ಪರಸ್ಪರ ವರ್ಗಾವಣೆ, ಎಂದರೆ ಅವರು ಇಲ್ಲಿಗೆ, ನಾನು ಅಲ್ಲಿಗೆ. ಎರಡು ಸಹಿಯ ಕೆಲಸ. ಅವರ ಸಹಿ ಬಿದ್ದ ಅರ್ಜಿ ಅಂಚೆಯಲ್ಲಿ ಬಂತು. ಅದು ನನ್ನ ಚೀಲದಲ್ಲಿದ್ದು ಹದಿನೈದು ದಿನವಾಯಿತು. ನೋಡಿದವರು ಭಾಗ್ಯ ಎನ್ನುತ್ತಾರೆ. ನನಗೂ ಅಪ್ಪನ ಮನೆಯ ಜಗುಲಿ, ಕೆರೆಯ ಮೇಲಿನ ಗಾಳಿ, ನಯವಾಗಿ ಮಾತಾಡುವ ಜನ ಎಲ್ಲ ಬೇಕು. ಆದರೆ ಸಹಿ ಮಾಡಲು ಕೂತಾಗಲೆಲ್ಲ, ಕೆಡಿಸಿಟ್ಟು ಓಡುವವಳು ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಬೈದುಕೊಳ್ಳುವುದೂ ಸಿಂದಗಿಯ ಮಾತಿನಲ್ಲೇ.

ಸುದ್ದಿ ಹೇಗೋ ಮಕ್ಕಳಿಗೆ ಮುಟ್ಟಿದೆ. ನಿನ್ನೆ ತರಗತಿ ಬಿಟ್ಟ ಮೇಲೆ ಮಾದೇವಿ ಬಾಗಿಲ ಬಳಿ ನಿಂತಿದ್ದಳು.

"ಬಾಯಾರ, ಬರೂ ವರ್ಷ ನೀವು ಇರ್ತೀರೇನ್ರಿ?"

ಅಷ್ಟು ದಿನಗಳ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ. ನನಗೆ ಸಂತೋಷವೂ ಆಯಿತು, ಅದರ ಬೆನ್ನಿಗೇ ಮುಖ ಮುಚ್ಚಿಕೊಳ್ಳುವಂತೆಯೂ ಆಯಿತು.

"ಗೊತ್ತಿಲ್ಲ ಮಾದೇವಿ" ಎಂದೆ.

ಅವಳು ಹೊರಡಲಿಲ್ಲ. ಪಾಟೀಚೀಲವನ್ನು ಹೆಗಲಿನಿಂದ ಹೆಗಲಿಗೆ ಬದಲಿಸಿಕೊಂಡು ನನ್ನ ಮುಖವನ್ನೇ ನೋಡಿದಳು.

"ನಿಮಗ ಗೊತ್ತಿಲ್ಲಂದ್ರ, ಮತ್ತ ಯಾರನ್ನ ಕೇಳೂದ್ರಿ?"